ಸುಳ್ಯದ ರಬ್ಬರ್ ತೋಟದ 'ಸಿಲೋನ್‌ನವರು': ಈ ಕತೆ 1964ಕ್ಕೆ ಶುರುವಾದದ್ದಾ, ಅದಕ್ಕೂ ಮೊದಲಾ?

ಪಯಸ್ವಿನಿ_ತೀರ:
ಎಲ್ಲರಿಗೂ ನಮಸ್ಕಾರ. ನಾನು ಸುಳ್ಯದ ಕಡೆಯವನು. ನಮ್ಮಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಪುತ್ತೂರಿನ ಕಡೆಗೂ ಇವೆ. ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದೇ ಆ ತೋಟಗಳನ್ನು ಬೆಳೆಸಿದ್ದು. ನಮ್ಮೂರಿನವರು ಅವರನ್ನು ಈಗಲೂ 'ಸಿಲೋನ್‌ನವರು' ಅಂತಲೇ ಕರೆಯುತ್ತಾರೆ. ಬಂದು ಐವತ್ತು ವರ್ಷದ ಹತ್ತಿರ ಆಯ್ತು. ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ, ತುಳು ಮಾತಾಡುತ್ತಾ ಬೆಳೆದಿದ್ದಾರೆ. ಆದರೂ ಹೆಸರು ಬದಲಾಗಲಿಲ್ಲ.

ನನ್ನ ಜೊತೆ ಶಾಲೆಯಲ್ಲಿ ಆ ಕಾಲನಿಯ ಹುಡುಗನೊಬ್ಬ ಓದುತ್ತಿದ್ದ. ಮೊನ್ನೆ ಊರಿಗೆ ಹೋದಾಗ ಅವನ ಅಜ್ಜಿಯನ್ನು ಮಾತಾಡಿಸಿದೆ. ಅವರು ಹುಟ್ಟಿದ್ದು ಸಿಲೋನಿನ ಒಂದು ಚಹಾ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ. ಮಾತಿನ ನಡುವೆ, "ಬಾಗಿಲು ಹಾಕಿದ ವರ್ಷ ನಾನು ಹೊಟ್ಟೆಯಲ್ಲಿದ್ದೆ ಅಂತ ನಮ್ಮಮ್ಮ ಹೇಳ್ತಿದ್ರು" ಅಂದರು. ಯಾವ ಬಾಗಿಲು ಅಂತ ಕೇಳಿದೆ. ಅಷ್ಟರಲ್ಲಿ ಯಾರೋ ಬಂದರು, ಮಾತು ಅಲ್ಲಿಗೇ ನಿಂತಿತು.

ಅದು ನನ್ನ ತಲೆಯಿಂದ ಹೋಗುತ್ತಿಲ್ಲ ಮಾರಾಯ್ರೆ. ಅಜ್ಜಿಗೆ ಈಗ 85 ದಾಟಿದೆ. ಅಂದರೆ ಅದು 1939-40ರ ಮಾತು. ಆ ವರ್ಷ ಏನಾಯಿತು? ಗೊತ್ತಿದ್ದವರು ಹೇಳಿ. ಮುಂದಿನ ತಿಂಗಳು ಮತ್ತೆ ಊರಿಗೆ ಹೋಗುತ್ತೇನೆ. ಅಷ್ಟರೊಳಗೆ ಸ್ವಲ್ಪ ತಿಳಿದುಕೊಂಡು ಹೋಗಬೇಕು ಅಂತ ಆಸೆ.

ಮಂಡ್ಯದ_ಹುಡುಗ:
ಅದು 1964ರಲ್ಲಿ ಭಾರತ, ಸಿಲೋನ್ ಪ್ರಧಾನಿಗಳು ಮಾಡಿಕೊಂಡ ಶಾಸ್ತ್ರಿ–ಸಿರಿಮಾವೊ ಒಪ್ಪಂದ ಅಲ್ವಾ ಅಣ್ಣ? ಅದರ ಪ್ರಕಾರ ತಾನೆ ಅವರನ್ನೆಲ್ಲ ವಾಪಸ್ ಕಳಿಸಿದ್ದು? 1939ರಲ್ಲಿ ಏನಿತ್ತು?

ಹಳೆ_ದಫ್ತರ:
ಒಪ್ಪಂದದ ಮಾತು ಸರಿ. ಆಗ ಲೆಕ್ಕಕ್ಕೆ ಬಂದದ್ದು ಸುಮಾರು 9,75,000 ಜನ. 5,25,000 ಜನರನ್ನು ಭಾರತ ತೆಗೆದುಕೊಳ್ಳುವುದು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡುವುದು. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಎರಡೂ ದೇಶ ಅರ್ಧರ್ಧ ಹಂಚಿಕೊಂಡವು. ಅದಕ್ಕೂ ಮುಂಚೆ, 1948ರ ಪೌರತ್ವ ಕಾಯ್ದೆಯಿಂದಲೇ ಇವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾಗಿದ್ದರು.

ಆದರೆ ಇವರನ್ನು 'ಇಲ್ಲಿಯವರಲ್ಲ' ಅಂತ ಕಾಗದದ ಮೇಲೆ ಬರೆಯಲು ಶುರು ಮಾಡಿದ್ದು ಸ್ವಾತಂತ್ರ್ಯದ ನಂತರ ಅಲ್ಲ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷದಲ್ಲೇ ಅದು ಆಗಿಹೋಗಿತ್ತು. ನಾನು ಮೇಷ್ಟ್ರಾಗಿದ್ದವನು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಅಲ್ಲಿ ಇದ್ದದ್ದು ಕಾಫಿ. 1869ರಲ್ಲಿ ಎಲೆಗೆ ತುಕ್ಕು ರೋಗ ಬಂತು. ಹತ್ತಿಪ್ಪತ್ತು ವರ್ಷದಲ್ಲಿ ಕಾಫಿ ಹೋಗಿ ಚಹಾ ಬಂತು. ಕಾಫಿಗೆ ಕೊಯ್ಲಿನ ಕಾಲದಲ್ಲಿ ಜನ ಬಂದರೆ ಸಾಕಿತ್ತು, ಮುಗಿದ ಮೇಲೆ ಊರಿಗೆ ಹೋಗುತ್ತಿದ್ದರು. ಚಹಾ ಹಾಗಲ್ಲ. ವರ್ಷವಿಡೀ ಚಿಗುರು ಕೀಳಬೇಕು. ಹಾಗಾಗಿ ಕುಟುಂಬ ಸಮೇತ ಜನರನ್ನು ತಂದು ತೋಟದಲ್ಲೇ ಇರಿಸಿಕೊಂಡರು. ತಿರುಚಿರಾಪಳ್ಳಿ, ಸೇಲಂ, ಮಧುರೆ, ರಾಮನಾಡು, ಪುದುಕ್ಕೋಟೆ ಕಡೆಯ ಬಡವರು, ಅವರಲ್ಲೂ ದಲಿತರೇ ಜಾಸ್ತಿ.

ತರುತ್ತಿದ್ದವನು ಕಂಗಾಣಿ. ತೋಟದ ದೊರೆ ಅವನ ಕೈಗೆ ದುಡ್ಡು ಕೊಟ್ಟು ಊರಿಗೆ ಕಳಿಸುತ್ತಿದ್ದ. ಅವನು ತನ್ನ ನೆಂಟರಿಗೆ, ಕೇರಿಯವರಿಗೆ ಮುಂಗಡ ಕೊಟ್ಟು ಕರೆತರುತ್ತಿದ್ದ. ರಾಮೇಶ್ವರದ ಹತ್ತಿರ ಮಂಡಪಂನಲ್ಲಿ ಒಂದು ಕ್ಯಾಂಪ್. ಅಲ್ಲಿ ಕೆಲವು ದಿನ ಇಟ್ಟು, ರೋಗ ಇದೆಯಾ ನೋಡಿ, ಧನುಷ್ಕೋಡಿಯಿಂದ ಹಡಗು ಹತ್ತಿಸಿ ತಲೈಮನ್ನಾರಿಗೆ ಬಿಡುತ್ತಿದ್ದರು. 1914ರಿಂದ ಈ ರೈಲು–ಹಡಗಿನ ದಾರಿ. ಅದಕ್ಕೂ ಹಿಂದಿನ ಶತಮಾನದಲ್ಲಿ ಮನ್ನಾರಿನಿಂದ ಮಾತಲೆ ತನಕ ಕಾಡಿನಲ್ಲಿ ನಡೆಯಬೇಕಿತ್ತು. ಆ ದಾರಿಯಲ್ಲಿ ಸತ್ತವರು ಲೆಕ್ಕವಿಲ್ಲ.

ಆಳು ತೋಟಕ್ಕೆ ಕಾಲಿಟ್ಟಾಗಲೇ ಸಾಲಗಾರ. ಮುಂಗಡ, ದಾರಿ ಖರ್ಚು, ಕಂಬಳಿ, ಅಕ್ಕಿ ಎಲ್ಲ ಅವನ ಲೆಕ್ಕಕ್ಕೆ. ತೋಟ ಬದಲಿಸಬೇಕೆಂದರೆ 'ತುಂಡು' ಬೇಕು. ತುಂಡು ಅಂದರೆ ಒಂದು ಚೀಟಿ, ಇಷ್ಟು ಸಾಲ ತೀರಿಸಿದರೆ ಇವರನ್ನು ಬಿಡುತ್ತೇನೆ ಅಂತ ದೊರೆ ಬರೆದು ಕೊಡುವುದು. ಹೊಸ ದೊರೆ ಆ ಸಾಲ ಕಟ್ಟಿದರೆ ಆಳು, ಅವನ ಹೆಂಡತಿ, ಮಕ್ಕಳು ಎಲ್ಲ ಆ ತೋಟಕ್ಕೆ. ಸಾಲ ಮಾತ್ರ ಹಾಗೇ ಹೆಗಲ ಮೇಲೆ. 1921ರಲ್ಲಿ ಈ ತುಂಡು ಪದ್ಧತಿ ನಿಷೇಧವಾಯಿತು.

ಮೂಡಿಗೆರೆ_ಕಾಫಿ:
ಸರ್, ಇದನ್ನು ಓದುತ್ತಾ ಇದ್ದರೆ ನಮ್ಮ ಮಲೆನಾಡಿನ ಕತೆಯೇ ಅನ್ನಿಸಿತು. ನಮ್ಮಲ್ಲಿ ಕಂಗಾಣಿ ಬದಲು ಮೇಸ್ತ್ರಿ. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಮುಂಗಡ ಕೊಟ್ಟು ಆಳು ತರುವುದು, ಲೈನ್ ಮನೆಯಲ್ಲಿ ಇಡುವುದು, ಮುಂಗಡ ತೀರದೆ ಬಿಡದಿರುವುದು. ನನ್ನ ತಾತ ತೋಟದಲ್ಲಿ ರೈಟರ್ ಆಗಿದ್ದರು. ಓಡಿಹೋದ ಆಳನ್ನು ಹುಡುಕಿಕೊಂಡು ಮೇಸ್ತ್ರಿ ಜೊತೆ ಘಟ್ಟ ಇಳಿದದ್ದನ್ನು ಅವರೇ ಹೇಳುತ್ತಿದ್ದರು. ಅದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು.

ಮುಂಗಡ ತಗೊಂಡು ಕೆಲಸಕ್ಕೆ ಬರದವರನ್ನು ಜೈಲಿಗೆ ಹಾಕಬಹುದಾದ 1859ರ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ 1926ರಲ್ಲಿ ಹೋಯಿತು. ಆದರೆ ಕೊಡಗಿನಲ್ಲಿ ಅದೇ ವರ್ಷ ಬೇರೆ ಕೂಲಿ ಕಾಯ್ದೆ ತಂದು ಇನ್ನೂ ಕೆಲವು ವರ್ಷ ಎಳೆದರು. ಪ್ಲಾಂಟರುಗಳ ಕೈ ಅಷ್ಟು ಉದ್ದ ಇತ್ತು.

ಒಂದು ವ್ಯತ್ಯಾಸ ಮಾತ್ರ ಇದೆ. ನಮ್ಮ ಆಳುಗಳು ಉಗಾದಿಗೋ ಮಳೆಗಾಲಕ್ಕೋ ಊರಿಗೆ ಹೋಗಿ ಬರುತ್ತಿದ್ದರು. ನಡುವೆ ಸಮುದ್ರ ಇರಲಿಲ್ಲ. ನೀನು ಯಾವ ದೇಶದವನು ಅಂತ ಯಾರೂ ಕೇಳಲಿಲ್ಲ.

ನೂಲಿನ_ಎಳೆ:
ಹೆಂಗಸರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಚಹಾ ತೋಟದಲ್ಲಿ ಚಿಗುರು ಕೀಳುವವರು ಹೆಂಗಸರೇ. ಇಡೀ ಉದ್ಯಮ ನಿಂತಿದ್ದು ಅವರ ಬೆರಳ ಮೇಲೆ. 1927ರಲ್ಲಿ ಭಾರತೀಯ ಕೂಲಿಗಳಿಗೆ ಕನಿಷ್ಠ ಕೂಲಿಯ ಕಾನೂನು ಬಂತು. ಅದರಂತೆ ದರ ಗೊತ್ತು ಮಾಡಿದಾಗ ಮೇಲ್ನಾಡಿನ ತೋಟಗಳಲ್ಲಿ ಗಂಡಸಿಗೆ ದಿನಕ್ಕೆ 54 ಸೆಂಟ್, ಹೆಂಗಸಿಗೆ 43, ಮಕ್ಕಳಿಗೆ 32 (ನೂರು ಸೆಂಟ್ ಅಂದರೆ ಅಲ್ಲಿನ ಒಂದು ರೂಪಾಯಿ). ಹೌದು, ಮಕ್ಕಳಿಗೂ ದರ ಬರೆದಿದ್ದರು.

ಅದೂ ಹಲವು ಕಡೆ ಹೆಂಡತಿಯ ಕೂಲಿ ಗಂಡನ ಕೈಗೋ ಕಂಗಾಣಿ ಕೈಗೋ ಹೋಗುತ್ತಿತ್ತು. ಕಂಗಾಣಿಗೆ ಇನ್ನೊಂದು ಆದಾಯವೂ ಇತ್ತು. ಅವನ ಗುಂಪಿನಿಂದ ದಿನಕ್ಕೆ ಎಷ್ಟು ಜನ ಕೆಲಸಕ್ಕೆ ಇಳಿಯುತ್ತಾರೋ ತಲೆಗೆ ಇಷ್ಟು ಸೆಂಟ್ ಅಂತ. ಹಾಗಾಗಿ ಜ್ವರ ಬಂದವರನ್ನೂ, ಹೆತ್ತು ಸ್ವಲ್ಪ ದಿನ ಆದವರನ್ನೂ ಬೆಳಿಗ್ಗೆ ಲೈನಿನಿಂದ ಎಬ್ಬಿಸಿ ತರುವುದರಲ್ಲಿ ಅವನಿಗೆ ಲಾಭ. ಇರುವುದು ಹತ್ತಡಿ–ಹನ್ನೆರಡಡಿಯ ಒಂದು ಕೋಣೆ. ಅಡುಗೆ, ಮಲಗುವುದು, ಹೆರಿಗೆ ಎಲ್ಲ ಅದರಲ್ಲೇ.

ಮಂಡ್ಯದ_ಹುಡುಗ:
ಇಷ್ಟು ಕಷ್ಟದಲ್ಲಿದ್ದವರ ಮೇಲೆ ಸಿಂಹಳೀಯರಿಗೆ ಯಾಕೆ ಸಿಟ್ಟು? ಇವರೇನು ಯಾರ ಕೆಲಸ ಕಿತ್ತುಕೊಂಡಿದ್ದರು?

ಕೊಲಂಬೊ_ಕನ್ನಡಿಗ:
ಈ ಪ್ರಶ್ನೆಗೆ ನಾನು ಹೇಳುತ್ತೇನೆ. ಏಳು ವರ್ಷದಿಂದ ಕೆಲಸದ ಮೇಲೆ ಇಲ್ಲಿದ್ದೇನೆ. ಚಹಾ ತೋಟಗಳಿರುವ ಹ್ಯಾಟನ್, ನುವರ ಎಲಿಯ ಕಡೆಗೂ ಹೋಗುತ್ತಿರುತ್ತೇನೆ, ಕ್ಯಾಂಡಿಯ ಹಳ್ಳಿಗಳಲ್ಲೂ ಸ್ನೇಹಿತರಿದ್ದಾರೆ. ಸಿಂಹಳದ ರೈತನ ಕಡೆಯಿಂದಲೂ ಇದನ್ನು ನೋಡಬೇಕು.

1840ರಲ್ಲಿ ಬ್ರಿಟಿಷರು ಒಂದು ಕಾನೂನು ಮಾಡಿದರು. ದಾಖಲೆ ಇಲ್ಲದ ಕಾಡು, ಬಂಜರು, ಬಿಟ್ಟ ಹೊಲ ಎಲ್ಲ ಸರ್ಕಾರದ್ದು ಅಂತ. 1897ರಲ್ಲಿ ಇನ್ನೊಂದು. ಕ್ಯಾಂಡಿಯ ಹಳ್ಳಿಯವನಿಗೆ ಗುಡ್ಡ ಅಂದರೆ ಸೌದೆ, ದನ ಮೇಯುವ ಜಾಗ, ಕಾಡು ಕಡಿದು ರಾಗಿ ಬಿತ್ತುವ ಜಾಗ. ಅದೆಲ್ಲ ತೋಟವಾಯಿತು. ಕಣಿವೆಯ ಗದ್ದೆ ಮಾತ್ರ ಉಳಿಯಿತು. ಮಕ್ಕಳು ಹೆಚ್ಚಾದಂತೆ ಆ ಗದ್ದೆಯೂ ಚೂರಾಯಿತು. ಅವನು ತಲೆ ಎತ್ತಿ ನೋಡಿದರೆ ಮೇಲೆ ಚಹಾ ಗಿಡ, ಅದರ ನಡುವೆ ತಮಿಳು ಮಾತಾಡುವ ಜನ. ದೊರೆ ಬಂಗಲೆಯಲ್ಲಿದ್ದ, ಕಂಪನಿ ಲಂಡನ್ನಿನಲ್ಲಿತ್ತು. ಕಣ್ಣಿಗೆ ಬೀಳುತ್ತಿದ್ದವರು ಇವರು.

1929ರ ನಂತರದ ಆರ್ಥಿಕ ಕುಸಿತದಲ್ಲಿ ಚಹಾ, ರಬ್ಬರ್, ತೆಂಗು ಮೂರರ ಬೆಲೆಯೂ ಬಿತ್ತು. ಸಾಲ ಕೊಟ್ಟಿದ್ದ ತಮಿಳುನಾಡಿನ ಲೇವಾದೇವಿಗಾರರಾದ ಚೆಟ್ಟಿಯಾರರು ಸಿಂಹಳ ಜಮೀನುದಾರರ ತೋಟಗಳನ್ನು ಮುಟ್ಟುಗೋಲು ಹಾಕಿಕೊಂಡರು. 1934-35ರಲ್ಲಿ ಮಲೇರಿಯಾ ಬಂದು ಸುಮಾರು 80,000 ಜನ ಸತ್ತರು. ಹೆಚ್ಚಿನವರು ಹಳ್ಳಿಯ ಬಡವರು. ಇಂಥ ಹೊತ್ತಲ್ಲಿ 'ಭಾರತೀಯ' ಅಂದರೆ ಸಾಲದ ಚೆಟ್ಟಿಯಾರ್, ಕೊಲಂಬೊ ಬಂದರಿನ ಕೂಲಿ, ತೋಟದ ತಮಿಳ, ಮಲಯಾಳಿ ಕೆಲಸದವನು ಎಲ್ಲ ಒಂದೇ ಆಗಿಬಿಟ್ಟರು. ಆ ಸಿಟ್ಟು ತಪ್ಪು ವಿಳಾಸಕ್ಕೆ ಹೋಯಿತು, ನಿಜ. ಆದರೆ ಅದರ ಹಿಂದಿನ ನೋವು ಸುಳ್ಳಲ್ಲ. ಇಲ್ಲಿನವರ ಜೊತೆ ಕೂತು ಮಾತಾಡಿದ ಮೇಲೆ ನನಗೆ ಇದು ಅರ್ಥವಾಗಿದ್ದು.

ಹಳೆ_ದಫ್ತರ:
ಬಹಳ ಚೆನ್ನಾಗಿ ಬರೆದಿದ್ದೀರಿ. ಇದಕ್ಕೆ ವೋಟಿನ ವಿಷಯ ಸೇರಿಸಲೇಬೇಕು, ಜಗಳ ಕಾವೇರಿದ್ದೇ ಅಲ್ಲಿ.

ಸಿಲೋನಿನ ಆಡಳಿತ ಸುಧಾರಣೆಗೆ ಬ್ರಿಟಿಷರು ನೇಮಿಸಿದ್ದ ಡೊನೊಮೋರ್ ಆಯೋಗದ ವರದಿಯ ಮೇಲೆ 1931ರಲ್ಲಿ ಸಿಲೋನಿನಲ್ಲಿ ವಯಸ್ಕರೆಲ್ಲರಿಗೂ ಮತದಾನ ಬಂತು. 21 ದಾಟಿದ ಗಂಡಸಿಗೂ ಹೆಂಗಸಿಗೂ. ಏಷ್ಯಾದಲ್ಲೇ ಮೊದಲು. ನಮ್ಮ ದೇಶದಲ್ಲಿ ಅದು ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ತೋಟದ ಆಳಿಗೂ ವೋಟು ಕೊಡಬೇಕೇ ಎಂಬ ಪ್ರಶ್ನೆ ಎದ್ದಾಗ ಸಿಂಹಳ ನಾಯಕರು ಗಾಬರಿಯಾದರು. ಆಗ ತೋಟಗಳಲ್ಲಿ ಆರೇಳು ಲಕ್ಷ ಭಾರತೀಯರಿದ್ದರು. ಕ್ಯಾಂಡಿ ಸೀಮೆಯ ಸೀಟುಗಳೆಲ್ಲ ಅವರ ಪಾಲಾಗುತ್ತವೆ ಅಂತ ಭಯ. ಅದಕ್ಕೆ ಗವರ್ನರ್ ಷರತ್ತು ಹಾಕಿದ. ಸಿಲೋನೇ ತನ್ನ ಕಾಯಂ ನೆಲೆ ಅಂತ ತೋರಿಸಬೇಕು. ಇಲ್ಲದಿದ್ದರೆ ಐದು ವರ್ಷ ವಾಸವಿದ್ದು ಇಲ್ಲೇ ನೆಲೆಸುತ್ತೇನೆ ಎಂಬ ಸರ್ಟಿಫಿಕೇಟ್ ಪಡೆಯಬೇಕು. ಅದೂ ಇಲ್ಲವೆಂದರೆ ಓದು ಮತ್ತು ಆಸ್ತಿ ಇರಬೇಕು. ಓದಲು ಬಾರದ ಆಳು ಈ ಕಾಗದ ಎಲ್ಲಿಂದ ತರಬೇಕು? 1931ರಲ್ಲಿ ಸುಮಾರು ಒಂದು ಲಕ್ಷ ಭಾರತೀಯರ ಹೆಸರು ಮಾತ್ರ ಪಟ್ಟಿಗೆ ಬಂತು. ಆದರೂ ಹ್ಯಾಟನ್ನಿನಿಂದ ಪೆರಿ ಸುಂದರಂ ಗೆದ್ದು ಕಾರ್ಮಿಕ ಖಾತೆಯ ಮಂತ್ರಿಯಾದರು.

1935ರ ಭೂ ಅಭಿವೃದ್ಧಿ ಕಾನೂನಿನಲ್ಲಿ ಸರ್ಕಾರಿ ಜಮೀನು ಹಂಚುವಾಗ ಇವರನ್ನು ಹೊರಗಿಟ್ಟರು. 1937-38ರಲ್ಲಿ ಹಳ್ಳಿ ಸಮಿತಿಯ ಚುನಾವಣೆಯಲ್ಲೂ ತೋಟದ ಆಳುಗಳಿಗೆ ವೋಟು ಕೊಡಲಿಲ್ಲ. ತೋಟದೊಳಗೆ ಇದ್ದವನಿಗೆ ಹೊರಗಿನ ಹಳ್ಳಿಯಲ್ಲಿ ಜಾಗವಿಲ್ಲ. ದೊರೆಗಳಿಗೂ ಇದೇ ಬೇಕಿತ್ತು. ಆಳು ಬರುವ ದಾರಿ ತೆರೆದಿರಬೇಕು. ಬಂದ ಮೇಲೆ ಅವನು ಹಳ್ಳಿಯವರ ಜೊತೆ ಸೇರಬಾರದು.

ನೇರಮಾತು:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಯಾವ ನಾಡಿನ ಜನರಿಗಾದರೂ ಯಾರು ಒಳಗೆ ಬರಬೇಕು ಅಂತ ತೀರ್ಮಾನಿಸುವ ಹಕ್ಕು ಇರಬೇಕಲ್ಲವೇ? ಸಿಂಹಳೀಯರು ಅದನ್ನು ಕೇಳಿದರೆ ತಪ್ಪೇನು? ನಮ್ಮ ಬೆಂಗಳೂರಿನಲ್ಲೂ ಸ್ಥಳೀಯರಿಗೆ ಕೆಲಸ ಅಂತ ಕೇಳುತ್ತೇವೆ. ಅಲ್ಲಿ ಆಗ ನಿಜವಾಗಿ ಕೆಲಸ ಇಲ್ಲದವರಿದ್ದರು.

ನೂಲಿನ_ಎಳೆ:
ಹಕ್ಕಿನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಹಕ್ಕು ಆಗ ಯಾರ ಕೈಯಲ್ಲಿತ್ತು ನೋಡಿ. ಜನರನ್ನು ತರಿಸಿದ್ದು ಸಿಂಹಳ ರೈತನೂ ಅಲ್ಲ, ತಮಿಳು ಆಳೂ ಅಲ್ಲ. ದಾರಿ, ಕ್ಯಾಂಪ್, ಹಡಗು, ಕಾನೂನು ಎಲ್ಲವನ್ನೂ ಮಾಡಿದ್ದು ಪ್ಲಾಂಟರುಗಳು ಮತ್ತು ಅವರ ಸರ್ಕಾರ. ಬೇಕಾದಾಗ ತಂದರು. ಕುಸಿತದ ವರ್ಷಗಳಲ್ಲಿ ಬೇಡವಾದಾಗ ಸಾವಿರಾರು ಜನರನ್ನು ವಾಪಸ್ ಹಡಗು ಹತ್ತಿಸಿದರು, ಉಳಿದವರ ಕೂಲಿ ಇಳಿಸಿದರು.

ಇವರಿಂದ ಸ್ಥಳೀಯರ ಕೆಲಸ ಹೋಗುತ್ತಿದೆಯಾ ಅಂತ ನೋಡಲು ಅಲ್ಲಿನ ಸರ್ಕಾರವೇ ಸರ್ ಎಡ್ವರ್ಡ್ ಜಾಕ್ಸನ್ ಅವರನ್ನು ನೇಮಿಸಿತು. 1938ರಲ್ಲಿ ಅವರ ವರದಿ ಬಂತು. ವಲಸೆಯಿಂದ ಸ್ಥಳೀಯರಿಗೆ ಹಾನಿಯಾಗಿಲ್ಲ, ನಿರ್ಬಂಧಕ್ಕೆ ಕಾರಣ ಕಾಣುತ್ತಿಲ್ಲ ಅಂತ ಅದರ ತಿರುಳು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊಲಂಬೊ_ಕನ್ನಡಿಗ:
ಜಾಕ್ಸನ್ ವರದಿಯನ್ನು ಪೂರ್ತಿ ನಂಬಲು ನನಗೆ ಆಗುವುದಿಲ್ಲ ಮೇಡಂ. ಹಾನಿಯಾಗಿಲ್ಲ ಅಂದರೆ ಏನು? ಸಿಂಹಳೀಯರು ತೋಟದ ಕೆಲಸಕ್ಕೆ ಬರುತ್ತಿರಲಿಲ್ಲ ಅನ್ನುತ್ತಾರೆ. ಆ ಕೂಲಿಗೆ, ಆ ಲೈನಿನಲ್ಲಿ ಇರಲು ಒಪ್ಪುತ್ತಿರಲಿಲ್ಲ ಅನ್ನುವುದು ಸರಿಯಾದ ಮಾತು. ಕಡಿಮೆ ಕೂಲಿಯ ಜನ ಸಮುದ್ರದಾಚೆಯಿಂದ ಬರುತ್ತಿದ್ದಷ್ಟು ದಿನ ದೊರೆಗೆ ಕೂಲಿ ಏರಿಸುವ ಅಗತ್ಯವೇ ಬೀಳಲಿಲ್ಲ. ಇದರಲ್ಲಿ ಹಳ್ಳಿಯವನೂ ಸೋತ, ಆಳೂ ಸೋತ.

ನೂಲಿನ_ಎಳೆ:
ಇದನ್ನು ಒಪ್ಪುತ್ತೇನೆ. ನಾನು ಆ ವರದಿಯ ಬಗ್ಗೆ ಬರೆದದ್ದು ಅರ್ಧ ಮಾತ್ರ ಆಗಿತ್ತು.

ಮೂಡಿಗೆರೆ_ಕಾಫಿ:
ಇಬ್ಬರೂ ಸೇರಿ ದೊರೆಯ ಎದುರು ನಿಲ್ಲಬಹುದಿತ್ತಲ್ಲ? ಯೂನಿಯನ್ ಇರಲಿಲ್ಲವೇ?

ಹಳೆ_ದಫ್ತರ:
ಇತ್ತು. ಒಟ್ಟಿಗೆ ನಿಂತದ್ದೂ ಉಂಟು. ನನಗೆ ಇಡೀ ಕತೆಯಲ್ಲಿ ಅತಿ ನೋವು ಕೊಡುವ ಭಾಗ ಇದು.

ಎ. ಇ. ಗುಣಸಿಂಹ ಅಂತ ಕೊಲಂಬೊದ ಕಾರ್ಮಿಕ ನಾಯಕ. 1922ರಲ್ಲಿ ಸಿಲೋನ್ ಲೇಬರ್ ಯೂನಿಯನ್ ಕಟ್ಟಿದರು. 1923ರ ಮುಷ್ಕರ, 1927ರ ಬಂದರು ಮುಷ್ಕರ, 1929ರ ಟ್ರಾಮ್ ಮುಷ್ಕರ. ಸಿಂಹಳ, ತಮಿಳು, ಮಲಯಾಳಿ ಎಲ್ಲರೂ ಇದ್ದರು. ತಂಜಾವೂರಿನಿಂದ ಬಂದ ಪತ್ರಕರ್ತ ಕೋ. ನಟೇಶ ಅಯ್ಯರ್ ಅವರ ಬಲಗೈಯಂತೆ ದುಡಿದರು. 1928ರ ಹೊತ್ತಿಗೆ ಇಬ್ಬರೂ ಬೇರೆಯಾದರು. ಕುಸಿತ ಬಂತು, ಕೊಲಂಬೊದಲ್ಲಿ ಕೆಲಸ ಹೋಗತೊಡಗಿತು. ಅದೇ ಗುಣಸಿಂಹ ಮಲಯಾಳಿಗಳನ್ನು ಓಡಿಸಿ ಅಂತ ಚಳವಳಿ ಶುರು ಮಾಡಿದರು. ಒಂದು ಕಾಲದಲ್ಲಿ ಮುಷ್ಕರದ ಸಾಲಿನಲ್ಲಿ ಪಕ್ಕದಲ್ಲೇ ನಿಂತಿದ್ದವರ ಮೇಲೆ.

ನಟೇಶ ಅಯ್ಯರ್ ತೋಟಗಳ ಕಡೆ ಹೊರಟರು. 1931ರಲ್ಲಿ ಹ್ಯಾಟನ್ನಿನಲ್ಲಿ ತೋಟದ ಕಾರ್ಮಿಕರ ಒಕ್ಕೂಟ ಕಟ್ಟಿದರು. ತೋಟ ಖಾಸಗಿ ಜಾಗ, ದೊರೆಯ ಒಪ್ಪಿಗೆ ಇಲ್ಲದೆ ಹೊರಗಿನವರು ಕಾಲಿಟ್ಟರೆ ಅತಿಕ್ರಮಣದ ಕೇಸು. ಅದಕ್ಕೆ ಅವರು ಬಟ್ಟೆ ವ್ಯಾಪಾರಿಯ ವೇಷದಲ್ಲಿ ಲೈನಿಗೆ ಹೋಗುತ್ತಿದ್ದರು ಅಂತ ಹೇಳುತ್ತಾರೆ. ಅವರ ಹೆಂಡತಿ ಮೀನಾಕ್ಷಿ ಅಮ್ಮಾಳ್ ಕಾರ್ಮಿಕರಿಗಾಗಿ ಹಾಡು ಕಟ್ಟಿ ಸಭೆಗಳಲ್ಲಿ ಹಾಡುತ್ತಿದ್ದರು. ಓದು ಬಾರದವರಿಗೆ ಕರಪತ್ರಕ್ಕಿಂತ ಹಾಡೇ ತಲುಪುತ್ತಿತ್ತು.

ಆಮೇಲೆ 1935ರ ಕೊನೆಯಲ್ಲಿ ಲಂಕಾ ಸಮಸಮಾಜ ಪಕ್ಷ ಅಂತ ಎಡಪಂಥೀಯ ಪಕ್ಷ ಹುಟ್ಟಿತು. ಎನ್. ಎಂ. ಪೆರೇರ, ಫಿಲಿಪ್ ಗುಣವರ್ಧನ, ಕಾಲ್ವಿನ್ ಆರ್. ಡಿ ಸಿಲ್ವ ಇವರೆಲ್ಲ. ಇವರು ಸಿಂಹಳ–ತಮಿಳು ಅಂತ ಭೇದ ಮಾಡದೆ ತೋಟದ ಆಳಿನ ಪರ ನಿಂತರು.

ಕೊಲಂಬೊ_ಕನ್ನಡಿಗ:
ಸರ್, ಬ್ರೇಸ್‌ಗರ್ಡಲ್ ವಿಷಯ ಬಿಡಬೇಡಿ. ವಲಸೆ ನೀತಿ ಯಾರಿಗಾಗಿ ಇತ್ತು ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ.

ಮಾರ್ಕ್ ಬ್ರೇಸ್‌ಗರ್ಡಲ್ ಅಂತ ಒಬ್ಬ ತರುಣ. ಬ್ರಿಟನ್ನಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದವನು. 1936ರಲ್ಲಿ ಚಹಾ ತೋಟದ ಕೆಲಸ ಕಲಿಯಲು ಸಿಲೋನಿಗೆ ಬಂದ. ಆಳುಗಳನ್ನು ನಡೆಸಿಕೊಳ್ಳುವ ರೀತಿ ಅವನಿಗೆ ಸಹಿಸಲಾಗಲಿಲ್ಲ. ತೋಟದವರು ಕೆಲಸದಿಂದ ತೆಗೆದರು. ಅವನು ಸಮಸಮಾಜದವರ ಜೊತೆ ಸೇರಿ ಆಳುಗಳ ಸಭೆಯಲ್ಲಿ ಮಾತಾಡತೊಡಗಿದ. ಪ್ಲಾಂಟರುಗಳಿಗೆ ಉರಿಯಿತು. ಬಿಳಿಯನೊಬ್ಬ ಆಳಿನ ಪಕ್ಕ ನಿಲ್ಲುವುದೇ? 1937ರ ಏಪ್ರಿಲ್‌ನಲ್ಲಿ ಗವರ್ನರ್ ಸ್ಟಬ್ಸ್ ಗಡಿಪಾರು ಆದೇಶ ಹೊರಡಿಸಿದ. ಹಡಗು ಹೊರಟಿತು, ಇವನು ಹತ್ತಲಿಲ್ಲ. ತಲೆಮರೆಸಿಕೊಂಡ. ಮೇ 5ರಂದು ಗಾಲ್ ಫೇಸ್ ಮೈದಾನದ ದೊಡ್ಡ ಸಭೆಯಲ್ಲಿ ವೇದಿಕೆ ಹತ್ತಿದ. ಹಿಡಿದರು. ಸುಪ್ರೀಂ ಕೋರ್ಟ್ ಆ ಆದೇಶ ಕಾನೂನಿಗೆ ವಿರುದ್ಧ ಅಂತ ಬಿಡುಗಡೆ ಮಾಡಿತು.

ಲಕ್ಷಾಂತರ ಆಳುಗಳನ್ನು ಸುಮ್ನೆ ಒಳಗೆ ಬಿಟ್ಟ ಸರ್ಕಾರಕ್ಕೆ ಈ ಒಬ್ಬ ವಲಸಿಗನನ್ನು ಸಹಿಸಲು ಆಗಲಿಲ್ಲ.

ಮಂಡ್ಯದ_ಹುಡುಗ:
ಇದು ಸಿಲೋನ್ ಒಂದರಲ್ಲೇ ಆಗಿದ್ದಾ ಸರ್?

ಹಳೆ_ದಫ್ತರ:
ಇಲ್ಲ. ಬರ್ಮಾದಲ್ಲಿ ಇನ್ನೂ ಭೀಕರವಾಗಿ ಆಯಿತು. 1930ರ ಮೇ ತಿಂಗಳಲ್ಲಿ ರಂಗೂನ್ ಬಂದರಿನ ತೆಲುಗು ಹಮಾಲರು ಕೂಲಿಗಾಗಿ ಮುಷ್ಕರ ಹೂಡಿದರು. ಹಡಗು ಕಂಪನಿಗಳು ಬರ್ಮೀಯರನ್ನು ಕೆಲಸಕ್ಕೆ ಕರೆದವು. ಮುಷ್ಕರ ರಾಜಿಯಾದ ದಿನ ಬರ್ಮೀಯರಿಗೆ ಇನ್ನು ನೀವು ಬೇಡ ಅಂದವು. ಹೊಟ್ಟೆಪಾಡಿಗೆ ಬಂದಿದ್ದ ಎರಡು ಗುಂಪು ಬಂದರಿನಲ್ಲೇ ಎದುರುಬದುರಾದವು. ನೂರಕ್ಕೂ ಜಾಸ್ತಿ ಜನ ಸತ್ತರು, ಬಹುಪಾಲು ಭಾರತೀಯರು. ಬರ್ಮಾಕ್ಕೆ ಬೇರೆಯೇ ಒಂದು ಚರ್ಚೆ ಬೇಕು, ಇಲ್ಲಿ ಬೆರೆಸುವುದು ಬೇಡ.

ಈಗ ಪಯಸ್ವಿನಿಯವರ ಪ್ರಶ್ನೆಗೆ ಬರುತ್ತೇನೆ. ಅಜ್ಜಿ ಹೇಳಿದ ಬಾಗಿಲು.

1939ರಲ್ಲಿ ಸಿಲೋನಿನ ಮಂತ್ರಿಮಂಡಲ ಒಂದು ತೀರ್ಮಾನ ಮಾಡಿತು. ಸರ್ಕಾರಿ ಇಲಾಖೆಗಳಲ್ಲಿ ದಿನಗೂಲಿಗೆ ಇರುವ ಭಾರತೀಯರಲ್ಲಿ 1934ರ ಏಪ್ರಿಲ್ ನಂತರ ಸೇರಿದವರನ್ನು ಆಗಸ್ಟ್ 1ರಿಂದ ತೆಗೆಯುವುದು. ಹಳಬರಿಗೆ ಸ್ವಲ್ಪ ದುಡ್ಡು ಕೊಟ್ಟು ಊರಿಗೆ ಹೋಗಿ ಅನ್ನುವುದು. ಗಮನಿಸಿ, ಚಹಾ ತೋಟದ ತಂಟೆಗೆ ಹೋಗಲಿಲ್ಲ. ಅಲ್ಲಿ ದೊರೆಗಳು ಬಿಡುತ್ತಿರಲಿಲ್ಲ. ಏಟು ಬಿದ್ದದ್ದು ರಸ್ತೆ ಕೆಲಸದವನು, ರೈಲ್ವೆ ಕೂಲಿ, ಇಂಥವರ ಮೇಲೆ. ಸಮಸಮಾಜದವರು ಇದನ್ನು ವಿರೋಧಿಸಿದರು.

ಜುಲೈನಲ್ಲಿ ಕಾಂಗ್ರೆಸ್ ಪಕ್ಷ ನೆಹರೂ ಅವರನ್ನು ಕೊಲಂಬೊಗೆ ಕಳಿಸಿತು. ಮಂತ್ರಿಗಳ ಜೊತೆ ಮಾತುಕತೆ ನಡೆದರೂ ತೀರ್ಮಾನ ಬದಲಾಗಲಿಲ್ಲ. ಅಲ್ಲಿ ಚದುರಿಹೋಗಿದ್ದ ಭಾರತೀಯ ಸಂಘಗಳು ಮಾತ್ರ ಆ ತಿಂಗಳ ಕೊನೆಗೆ ಸಿಲೋನ್ ಇಂಡಿಯನ್ ಕಾಂಗ್ರೆಸ್ ಅಂತ ಒಂದಾದವು.

ಭಾರತ ಸರ್ಕಾರ ತಿರುಗೇಟು ಕೊಟ್ಟಿತು. ಅದೇ 1939ರ ಆಗಸ್ಟ್ 1ರಿಂದ, ಕುಶಲವಲ್ಲದ ಕೆಲಸಕ್ಕೆ ಯಾರೂ ಸಿಲೋನಿಗೆ ಹೋಗುವಂತಿಲ್ಲ ಅಂತ ನಿಷೇಧ. 1922ರ ವಲಸೆ ಕಾಯ್ದೆಯಲ್ಲಿ ಅದಕ್ಕೆ ಅಧಿಕಾರವಿತ್ತು. ಮಂಡಪಂ ದಾರಿ ಮುಚ್ಚಿತು. ಅಜ್ಜಿಯ ಬಾಗಿಲು ಇದೇ.

ಮೂಡಿಗೆರೆ_ಕಾಫಿ:
ಅಂದರೆ ಒಂದೇ ದಿನ ಎರಡೂ ಕಡೆಯಿಂದ ಹೊಡೆತ. ಭಾರತ ಮಾಡಿದ್ದು ನಮ್ಮವರ ಮಾನ ಉಳಿಸಲು ಅಂತ ಇಟ್ಟುಕೊಳ್ಳೋಣ. ಪ್ಲಾಂಟರುಗಳಿಗೆ ಅದರಿಂದ ತೊಂದರೆ ಆಯಿತೇ?

ನೂಲಿನ_ಎಳೆ:
ಅಷ್ಟೇನೂ ಆಗಲಿಲ್ಲ. ಆ ಹೊತ್ತಿಗೆ ಲೈನಿನಲ್ಲೇ ಹುಟ್ಟಿ ಬೆಳೆದ ಮಕ್ಕಳು ಕೆಲಸಕ್ಕೆ ಬಂದಿದ್ದರು. ಹೊಸ ಜನ ಬೇಕಿರಲಿಲ್ಲ. ತೊಂದರೆ ಆದದ್ದು ಆಳುಗಳಿಗೆ. ನಿಷೇಧದಲ್ಲಿ ಒಂದು ಮುಳ್ಳು ಇತ್ತು. ಮೊದಲಿಂದ ಸಿಲೋನಿನಲ್ಲೇ ಇದ್ದವರೂ ಒಮ್ಮೆ ಊರಿಗೆ ಹೋದರೆ ಮತ್ತೆ ವಾಪಸ್ ಬರುವುದು ಕಷ್ಟವಾಯಿತು. 1942ರಲ್ಲಿ ಅದನ್ನು ಸಡಿಲಿಸಿದರು. ಅಲ್ಲಿಯವರೆಗೆ ಮದುವೆ, ಸಾವು, ಜಾತ್ರೆ ಏನೇ ಇರಲಿ, ಹೋದವನು ತೋಟದ ಕೆಲಸ ಕಳೆದುಕೊಳ್ಳುವ ಭಯ.

ದೊರೆಗೆ ಇದು ಅನುಕೂಲವೇ ಆಯಿತು ಅಂತ ನನಗೆ ಅನ್ನಿಸುತ್ತದೆ. ಸಿಟ್ಟು ಬಂದರೆ ಊರಿಗೆ ಹೋಗುತ್ತೇನೆ ಅನ್ನುವ ಒಂದೇ ಒಂದು ಅಸ್ತ್ರ ಆಳಿನ ಕೈಯಲ್ಲಿತ್ತು. ಅದೂ ಹೋಯಿತು. ಉಳಿದದ್ದು ಅಲ್ಲೇ ನಿಂತು ಹೋರಾಡುವುದು. ಹಾಗೇ ಆಯಿತು. ಕೆಲವೇ ತಿಂಗಳಲ್ಲಿ ತೋಟಗಳಲ್ಲಿ ಮುಷ್ಕರಗಳು ಎದ್ದವು. 1940ರ ಜನವರಿಯಲ್ಲಿ ಮೂಲೋಯ ತೋಟದಲ್ಲಿ ಪೊಲೀಸರ ಗುಂಡಿಗೆ ಗೋವಿಂದನ್ ಎಂಬ ಕಾರ್ಮಿಕ ಸತ್ತರು. ವಿಚಾರಣೆಯಲ್ಲಿ ಅವರ ಹೆಂಡತಿಯ ಪರ ನಿಂತವರು ಕಾಲ್ವಿನ್ ಆರ್. ಡಿ ಸಿಲ್ವ, ಒಬ್ಬ ಸಿಂಹಳೀಯ.

ನೇರಮಾತು:
ಮೊದಲು ನಾನು ಬರೆದದ್ದು ಸ್ವಲ್ಪ ಆತುರದ ಮಾತಾಯಿತು. ಒಂದು ನಾಡಿಗೆ ಬಾಗಿಲು ಇರಬೇಕು ಅಂತ ಈಗಲೂ ಅನ್ನುತ್ತೇನೆ. ಆದರೆ ಒಳಗೇ ಹುಟ್ಟಿದವರನ್ನು ಬಾಗಿಲ ಲೆಕ್ಕದಲ್ಲಿ ಹಿಡಿಯುವುದು ಬೇರೆ ವಿಷಯ. ಮೂರು ತಲೆಮಾರು ಅಲ್ಲೇ ದುಡಿದವರಿಗೆ ನೀನು ಯಾವೂರು ಅಂತ ಕೇಳಿದ್ದು ಅನ್ಯಾಯ.

ಪಯಸ್ವಿನಿ_ತೀರ:
ಎಲ್ಲರಿಗೂ ಧನ್ಯವಾದ. ನೀವು ಬರೆದದ್ದನ್ನೆಲ್ಲ ಓದಿಕೊಂಡು ಕಳೆದ ವಾರ ಊರಿಗೆ ಹೋಗಿದ್ದೆ. ಅಜ್ಜಿ ಅಂಗಳದಲ್ಲಿ ಕೂತಿದ್ದರು. ಮಂಡಪಂ ಅಂದ ಕೂಡಲೇ ಮುಖ ಎತ್ತಿದರು. "ನಿನಗೆ ಯಾರು ಹೇಳಿದ್ರು?" ಅಂದರು.

ಅವರ ಅಮ್ಮ ಸಿಲೋನಿಗೆ ಹೋದದ್ದು ಚಿಕ್ಕ ಹುಡುಗಿಯಾಗಿದ್ದಾಗ, ಚಿಕ್ಕಪ್ಪನ ಜೊತೆ. ಅಪ್ಪ, ತಮ್ಮಂದಿರು ಪುದುಕ್ಕೋಟೆ ಹತ್ತಿರದ ಹಳ್ಳಿಯಲ್ಲೇ ಉಳಿದರು. ಎರಡು ಮೂರು ವರ್ಷಕ್ಕೊಮ್ಮೆ ಹೋಗಿ ಬರುವುದು ಇತ್ತಂತೆ. ಬಾಗಿಲು ಹಾಕಿದ ವರ್ಷ ಅಪ್ಪ ಹಾಸಿಗೆ ಹಿಡಿದ ಸುದ್ದಿ ಬಂತು. ಹೋದರೆ ವಾಪಸ್ ಬರಲಾಗದು ಅಂತ ಕಂಗಾಣಿ ಹೇಳಿದ. ಹೊಟ್ಟೆಯಲ್ಲಿ ಮಗು, ಲೈನಿನಲ್ಲಿ ಇನ್ನೆರಡು. ಗಂಡನಿಗೆ ತೋಟದ ಕೆಲಸ ಬಿಟ್ಟು ಬೇರೆ ಗೊತ್ತಿಲ್ಲ. ಹೋಗಲಿಲ್ಲ. ಅಪ್ಪ ಸತ್ತ ಕಾಗದ ತಲುಪಿದ್ದು ತಿಂಗಳಾದ ಮೇಲೆ. ಆ ದಿನವೂ ಚಿಗುರು ಕೀಳಲು ಹೋದರಂತೆ, ಹಾಜರಿ ತಪ್ಪಿದರೆ ಕೂಲಿ ಇಲ್ಲ.

1970ರ ದಶಕದಲ್ಲಿ ಸರ್ಕಾರ ಇವರನ್ನು ವಾಪಸ್ ಕಳಿಸಿದಾಗ ಆ ಅಮ್ಮ ಬದುಕಿರಲಿಲ್ಲ. ಅಜ್ಜಿ ಬಂದಿಳಿದದ್ದು ಅದೇ ಮಂಡಪಂ ಕ್ಯಾಂಪಿಗೆ. ಅಮ್ಮ ಹೇಳುತ್ತಿದ್ದ ಜಾಗ ಅಂತ ಗುರುತು ಹಿಡಿದರಂತೆ. ಅಲ್ಲಿಂದ ರೈಲು, ಬಸ್ಸು, ಕೊನೆಗೆ ನಮ್ಮ ಸುಳ್ಯ. ಪುದುಕ್ಕೋಟೆಯ ಆ ಹಳ್ಳಿಗೆ ಹೋಗಿದ್ದೀರಾ ಅಂತ ಕೇಳಿದೆ. ಒಮ್ಮೆ ಹೋಗಿದ್ದರಂತೆ. ಮಾವಂದಿರ ಮಕ್ಕಳಿಗೆ ಇವರು ಯಾರೆಂದು ತಿಳಿಯಲಿಲ್ಲ. ಚಹಾ ಕೊಟ್ಟು ಕಳಿಸಿದರು.

ಹೊರಡುವಾಗ ಅಜ್ಜಿ ಒಳಗೆ ಹೋಗಿ ಒಂದು ಟ್ರಂಕಿನಿಂದ ಅಮ್ಮನ ಬಿದಿರು ಬುಟ್ಟಿಯ ಪಟ್ಟಿ ತಂದು ತೋರಿಸಿದರು. ಚಿಗುರು ಬುಟ್ಟಿಯನ್ನು ತಲೆಗೆ ಆನಿಸಿ ಬೆನ್ನಿಗೆ ಇಳಿಬಿಡುವ ಹಗ್ಗದ ಪಟ್ಟಿ. ಹಣೆ ತಾಗುವ ಕಡೆ ನುಣ್ಣಗೆ ಸವೆದಿದೆ. ಫೋಟೋ ತೆಗೆಯಲಾ ಅಂತ ಕೇಳಿದೆ. ಬೇಡ ಅಂದರು. ಹಾಗಾಗಿ ಇಲ್ಲಿ ಹಾಕಿಲ್ಲ.